ಮನೆಯಲ್ಲೊಂದು ಬಾಗುಮಣೆ

ಕಬ್ಬಿಣವನ್ನು ಕಾದಾಗಲೇ ಬಡಿಯಬೇಕು ಎಂಬ ಮಾತು ಕುಲುಮೆಯ ಮುಂದೆ ಹುಟ್ಟಿದುದು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆಯನ್ನು ಏರಿಸುವ ಕಮ್ಮಾರನನ್ನು ಕಂಡವರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಂಡದಂತೆ ಕೆಂಪಗಾದ ಪಟ್ಟೆಯನ್ನು ಇಕ್ಕುಳದಿಂದ ಹಿಡಿದೆತ್ತಿ ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ದೊಡನೆ, ಅದು ಕುಗ್ಗಿ ಚಕ್ರವನ್ನು ಬಿಗಿದಪ್ಪುವುದನ್ನು ಊರ ಮಕ್ಕಳೆಲ್ಲ ನಿಂತು ನೋಡುತ್ತಿದ್ದ ಕಾಲವೊಂದಿತ್ತು. ನಗರದ ಮನೆಯಲ್ಲಿ ಕುಲುಮೆಯೂ ಇಲ್ಲ, ತಿದಿಯೂ ಇಲ್ಲ. ಆದರೆ ಮನೆಗೆ ಬೇಕಾಗುವ ಸಣ್ಣಪುಟ್ಟ ಕಬ್ಬಿಣದ ಕೆಲಸಗಳಿಗೆ ಅವುಗಳ ಅಗತ್ಯವೂ ಇಲ್ಲ. ಪುಸ್ತಕದ ಹಲಗೆಯನ್ನು ಹೊರುವ ಆನಿಕೆ, ಹೂವಿನ ಕುಂಡವನ್ನಿಡುವ ಮುಕ್ಕಾಲಿ, ಕೈತೋಟದ ನೀರಿನ ಕೊಳವೆಯನ್ನು ಸುತ್ತಿಡುವ ಕೊಕ್ಕೆ, ಇವೆಲ್ಲವೂ ೫ ಮಿಲಿಮೀಟರಿಗಿಂತ ದಪ್ಪವಲ್ಲದ ಮೃದು ಉಕ್ಕಿನ ಪಟ್ಟಿಯಿಂದ ಆಗತಕ್ಕವು. ಅಂಥ ಪಟ್ಟಿ ತಣ್ಣಗಿದ್ದಾಗಲೇ ಬಾಗುತ್ತದೆ. ಬಾಗಿಸುವ ಬಲವನ್ನು ಬೇಕಾದ ಎಡೆಗೆ, ಬೇಕಾದಷ್ಟು ಮಾತ್ರ ತಲುಪಿಸಿಕೊಡುವ ಒಂದು ಸಾಧನವಿದ್ದರೆ ಸಾಕು.

ಇಂಥ ಸಾಧನಕ್ಕೆ ಕಾರ್ಖಾನೆಯ ಜನ ಜಿಗ್ ಎನ್ನುತ್ತಾರೆ. ಕನ್ನಡದ ಅಡಿಗೆಮನೆಯಲ್ಲಿ ಈಳಿಗೆಮಣೆ, ತುರಿಯುವ ಮಣೆಗಳಿರುವಾಗ ಗ್ಯಾರೇಜಿನಲ್ಲಿರುವ ಇದನ್ನು ಬಾಗುಮಣೆ ಎಂದು ಕರೆದರೆ ತಪ್ಪಾಗಲಾರದು. ಕೆಲಸವೂ ಒಂದೇ ಬಗೆಯದು. ಮಣೆ ಅಲುಗದೆ ಕುಳಿತಿರುತ್ತದೆ. ಕೈ ತನ್ನ ಕೆಲಸವನ್ನು ಮಾಡುತ್ತದೆ. ಪದಾರ್ಥ ಮಣೆ ತೋರಿಸಿದ ದಾರಿಯಲ್ಲಿ ಸಾಗುತ್ತದೆ.

ಮಣೆಯಿಲ್ಲದೆ ಪಟ್ಟಿಯನ್ನು ಬಾಗಿಸಲಾಗದೆಂದಲ್ಲ. ಮೇಜಿಗೆ ಬಿಗಿದ ವೈಸಿನಲ್ಲಿ ಪಟ್ಟಿಯನ್ನು ಸಿಕ್ಕಿಸಿ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟರೆ ಅದೂ ಬಾಗೀತು. ಮೊದಲನೆಯ ಆನಿಕೆ ತಕ್ಕಮಟ್ಟಿಗೆ ನೆಟ್ಟಗಿರುತ್ತದೆ. ತೊಡಕು ಹುಟ್ಟುವುದು ಎರಡನೆಯದರಲ್ಲಿ. ಅದರ ಮೂಲೆ ಒಂದು ಕೂದಲೆಳೆಯಷ್ಟು ಆಚೆಗೆ ಬಿದ್ದಿರುತ್ತದೆ, ಕೋನ ಒಂದು ಡಿಗ್ರಿ ಹೆಚ್ಚೋ ಕಡಮೆಯೋ ಆಗಿರುತ್ತದೆ. ಒಂದು ಡಿಗ್ರಿಯೆಂದರೆ ಎಷ್ಟು ಮಹಾ ಎಂದು ತೋರಬಹುದು. ಆದರೆ ೨೦ ಸೆಂಟಿಮೀಟರ್ ಉದ್ದದ ಆನಿಕೆಯ ತುದಿಯಲ್ಲಿ ಅದು ಮೂರೂವರೆ ಮಿಲಿಮೀಟರಾಗಿ ಕಾಣಿಸಿಕೊಳ್ಳುತ್ತದೆ. ಎರಡು ಆನಿಕೆಗಳ ಮೇಲೆ ಹಲಗೆಯನ್ನಿಟ್ಟರೆ ಅದು ತಿರುಚಿಕೊಂಡು ಕೂರುತ್ತದೆ. ಪುಸ್ತಕಗಳು ಒಂದು ಕಡೆಗೆ ಜಾರುತ್ತವೆ. ಮನೆಯವರು ಪ್ರತಿದಿನವೂ ಅದನ್ನು ನೋಡುತ್ತಾರೆ. ಬಾಗುಮಣೆಯ ಪ್ರಯೋಜನವಿರುವುದು ಇಲ್ಲಿಯೇ. ಹತ್ತನೆಯ ತುಂಡು ಮೊದಲನೆಯ ತುಂಡಿನಂತೆಯೇ ಇರುವಂತೆ ಅದು ನೋಡಿಕೊಳ್ಳುತ್ತದೆ.

ಈ ವಿಚಾರದ ಬೆಲೆಯನ್ನು ಜಗತ್ತು ಮನಗಂಡದ್ದು ಮನೆಯ ಸಾಮಾನಿನಿಂದಲ್ಲ, ಕೋವಿಯಿಂದ. ೧೭೮೫ರಲ್ಲಿ ಫ್ರಾನ್ಸಿನ ಆನೊರೆ ಬ್ಲಾಂಕ್ ಎಂಬ ಕೋವಿಯ ಕಸಬಿನವನೊಬ್ಬನು ಅಚ್ಚು ಮತ್ತು ಜಿಗ್ಗುಗಳ ನೆರವಿನಿಂದ ಬಂದೂಕದ ಚಾಪುಗಳನ್ನು ಒಂದರಂತೆ ಒಂದನ್ನು ಮಾಡಿದ್ದನು. ಆಗ ಅಮೆರಿಕದ ರಾಯಭಾರಿಯಾಗಿ ಪ್ಯಾರಿಸಿನಲ್ಲಿದ್ದ ತಾಮಸ್ ಜೆಫರ್ಸನ್ ಅವುಗಳನ್ನು ನೋಡಲು ಹೋದಾಗ, ೫೦ ಚಾಪುಗಳ ಭಾಗಗಳನ್ನು ಬಿಡಿಬಿಡಿಯಾಗಿ ವಿಂಗಡಿಸಿ ಮುಂದಿಡಲಾಯಿತು. ಆತನು ಕೈಗೆ ಸಿಕ್ಕಿದ ಬಿಡಿಭಾಗಗಳನ್ನು ಆಯ್ಕೆ ಮಾಡದೆ ಎತ್ತಿಕೊಂಡು ತಾನೇ ಕೆಲವು ಚಾಪುಗಳನ್ನು ಜೋಡಿಸಿ ನೋಡಿದನು. ಎಲ್ಲವೂ ಚೊಕ್ಕವಾಗಿ ಕೂಡಿಕೊಂಡುವು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಆತನು ಅಮೆರಿಕಕ್ಕೆ ಬರೆದ ಪತ್ರದಲ್ಲಿ ಈ ಸಂಗತಿಯ ವರದಿಯಿದೆ. ಒಬ್ಬೊಬ್ಬ ಕುಶಲಿಯ ಬೆರಳುಗಳಲ್ಲಿ ಅಡಗಿರುತ್ತಿದ್ದ ಅಳತೆಯನ್ನು ಉಕ್ಕಿನ ತುಂಡೊಂದಕ್ಕೆ ಒಪ್ಪಿಸಬಹುದೆಂಬುದು ಆಗ ಸೋಜಿಗದ ಸುದ್ದಿಯಾಗಿತ್ತು. ಗ್ಯಾರೇಜಿನ ಬಾಗುಮಣೆ ಆ ವಂಶದ ಒಂದು ಸಣ್ಣ ಕುಡಿ.

ಬೇಕಾಗುವ ಸಾಮಗ್ರಿ

ಇದಕ್ಕೆ ಬೇಕಾಗುವ ಸಾಮಾನುಗಳೆಲ್ಲ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆ ಒಂದೇ ಬೆಳಗಿನಲ್ಲಿ ಸಿಕ್ಕುತ್ತವೆ. ಉಳಿದ ಊರುಗಳಲ್ಲಿಯೂ ಕಬ್ಬಿಣದ ಅಂಗಡಿ ಮತ್ತು ಲೇತ್ ಇರುವ ಒಂದು ಸಣ್ಣ ಕಾರ್ಖಾನೆ ಇದ್ದರೆ ಸಾಕು. ಮೊದಲನೆಯದು, ೨೦೦ ಮಿಲಿಮೀಟರ್ ಉದ್ದ, ೧೫೦ ಅಗಲ, ೧೨ ದಪ್ಪದ ಉಕ್ಕಿನ ಹಲಗೆ. ಇದು ಮಣೆಯ ಅಡಿ. ತೂಕ ಮೂರು ಕಿಲೋಗ್ರಾಮಿಗೆ ತುಸು ಕಡಮೆ. ಎರಡನೆಯದು, ೪೦ ಮಿಲಿಮೀಟರ್ ಅಗಲ, ೧೦ ದಪ್ಪ, ೫೫೦ ಉದ್ದದ ಪಟ್ಟಿ. ಇದು ಎಳೆಯುವ ತೋಳು. ಮೂರನೆಯದು, ೧೬ ಮಿಲಿಮೀಟರ್ ವ್ಯಾಸದ, ೯೦ ಉದ್ದದ ಒಂದು ಬೋಲ್ಟು, ಅದಕ್ಕೆ ಎರಡು ನಟ್ಟು. ಅದರ ಮೇಲೆ ಕೂರುವಂತೆ ಲೇತಿನಲ್ಲಿ ಕಡೆಸಿದ ಒಂದು ಬುಷ್. ಬುಷ್ಷಿನ ಹೊರವ್ಯಾಸ ೨೫, ಎತ್ತರ ೩೫ ಮಿಲಿಮೀಟರ್ ಇರಬೇಕು. ನಾಲ್ಕನೆಯದು, ೧೨ ಮಿಲಿಮೀಟರ್ ವ್ಯಾಸದ, ೭೦ ಉದ್ದದ ಎರಡು ಬೋಲ್ಟುಗಳು. ಇವುಗಳಿಗೆ ತೊಡಿಸಲು ೧೬ ಮಿಲಿಮೀಟರ್ ಹೊರವ್ಯಾಸದ ಎರಡು ಬಳೆಗಳು. ಕೊನೆಯದಾಗಿ, ಅಡಿಹಲಗೆಯನ್ನು ವೈಸಿನಲ್ಲಿ ಹಿಡಿಸಲು ಒಂದು ಗೇಣುದ್ದದ ೫೦ ಮಿಲಿಮೀಟರ್ ಆಂಗಲ್ ಐರನ್.

ಬೋಲ್ಟುಗಳನ್ನು ಕೊಳ್ಳುವಾಗ ತಲೆಯ ಮೇಲೆ ೮.೮ ಎಂಬ ಗುರುತು ಮೂಡಿರುವುದನ್ನೇ ಆರಿಸಬೇಕು. ಅವು ಸಾಮಾನ್ಯ ಬೋಲ್ಟಿಗಿಂತ ಗಟ್ಟಿಯಾದ ದರ್ಜೆಯವು. ಕಾರಣ ಸರಳವಾಗಿದೆ. ತೋಳಿನ ಹಿಡಿ ನಡುವಣ ಬೋಲ್ಟಿನಿಂದ ೪೫ ಸೆಂಟಿಮೀಟರ್ ದೂರದಲ್ಲಿದ್ದರೆ, ಪಟ್ಟಿಯನ್ನು ಒತ್ತುವ ಬೋಲ್ಟು ಎರಡೂವರೆ ಸೆಂಟಿಮೀಟರಿನೊಳಗೇ ಇರುತ್ತದೆ. ಹಿಡಿಯಲ್ಲಿ ಹಾಕಿದ ೯ ಕಿಲೋಗ್ರಾಮಿನ ಬಲ ಆ ಬೋಲ್ಟಿನ ಬಳಿಯಲ್ಲಿ ೧೭೦ ಕಿಲೋಗ್ರಾಮಿನ ಸುಮಾರಿಗೆ ಏರುತ್ತದೆ. ಅಗ್ಗದ ಬೋಲ್ಟಾದರೆ ಪಟ್ಟಿಗಿಂತ ಮೊದಲು ತಾನೇ ಬಾಗಿ ನಿಂತೀತು.

ಕಟ್ಟುವ ಕ್ರಮ

ಅಡಿಹಲಗೆಯ ನಟ್ಟನಡುವೆ ೧೬ ಮಿಲಿಮೀಟರಿನ ತೂತು ಬೀಳಬೇಕು. ಮನೆಯಲ್ಲಿರುವ ಕೈಡ್ರಿಲ್ಲಿನಿಂದ ಇಷ್ಟು ದೊಡ್ಡ ತೂತನ್ನು ಒಮ್ಮೆಗೇ ಕೊರೆಯಹೊರಟರೆ ಮಣಿಕಟ್ಟು ತಿರುಚಿಕೊಳ್ಳುವ ಅಪಾಯವುಂಟು. ೪ ಮಿಲಿಮೀಟರಿನಿಂದ ಆರಂಭಿಸಿ ಹಂತಹಂತವಾಗಿ ದೊಡ್ಡದು ಮಾಡಬೇಕು. ಇಲ್ಲವೆ ಬುಷ್ ಕಡೆದುಕೊಡುವ ಕಾರ್ಖಾನೆಯಲ್ಲಿಯೇ ಈ ಕೆಲಸವನ್ನೂ ಮುಗಿಸಿಕೊಳ್ಳಬೇಕು. ತೋಳಿನ ಒಂದು ತುದಿಯಿಂದ ೩೦ ಮಿಲಿಮೀಟರ್ ಒಳಗೆ ಅದೇ ಅಳತೆಯ ಇನ್ನೊಂದು ತೂತು. ಅದರ ಕೇಂದ್ರದಿಂದ ಹಿಡಿಯ ಕಡೆಗೆ ಸರಿಯಾಗಿ ೨೪ ಮಿಲಿಮೀಟರ್ ದೂರದಲ್ಲಿ, ತೋಳಿನ ನಡುಗೆರೆಯ ಮೇಲೆಯೇ, ೧೨ ಮಿಲಿಮೀಟರ್ ಬೋಲ್ಟಿಗಾಗಿ ತಿರುಪು ಕೊರೆದ ತೂತು. ಇದಕ್ಕೆ ಮೊದಲು ೧೦.೨ ಮಿಲಿಮೀಟರಿನ ತೂತು ಮಾಡಿ ಅನಂತರ ಟ್ಯಾಪ್ ಹಾಕುವುದು ವಾಡಿಕೆ.

ಇನ್ನು ತಡೆಯ ತೂತು. ಅಡಿಹಲಗೆಯನ್ನು ಗಡಿಯಾರದ ಮುಖವೆಂದು ಭಾವಿಸಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ನಡುವಣ ತೂತಿನಿಂದ ಒಂಬತ್ತು ಗಂಟೆಯ ದಿಕ್ಕಿಗೆ ೬೦ ಮಿಲಿಮೀಟರ್, ಅಲ್ಲಿಂದ ಹನ್ನೆರಡು ಗಂಟೆಯ ದಿಕ್ಕಿಗೆ ೨೪ ಮಿಲಿಮೀಟರ್ ಅಳೆದು ಗುರುತು ಹಾಕಿ, ಆ ಎಡೆಯಲ್ಲಿ ತಿರುಪು ಕೊರೆದ ಇನ್ನೊಂದು ೧೨ ಮಿಲಿಮೀಟರಿನ ತೂತು ಮಾಡಬೇಕು. ಎರಡು ಬೋಲ್ಟುಗಳ ತಿರುಪಿನ ಭಾಗವನ್ನು ಗರಗಸದಿಂದ ಕತ್ತರಿಸಿ, ತೋಳಿನದಕ್ಕೆ ೧೦ ಮಿಲಿಮೀಟರೂ ಅಡಿಹಲಗೆಯದಕ್ಕೆ ೧೨ ಮಿಲಿಮೀಟರೂ ಉಳಿಸಿ, ಮೇಲಿನಿಂದ ಬಿಗಿಯಾಗಿ ತಿರುಗಿಸಿ ಕೂಡಿಸಬೇಕು. ತೋಳಿನ ಮೇಲೆ ನಿಂತದ್ದು ಒತ್ತುಗೂಟ. ಹಲಗೆಯ ಮೇಲೆ ನಿಂತದ್ದು ತಡೆಗೂಟ. ತಡೆಗೂಟದ ಬುಡಕ್ಕೆ ತೋಳಿನಷ್ಟೇ ದಪ್ಪದ, ಅಂದರೆ ೧೦ ಮಿಲಿಮೀಟರಿನ, ಒಂದು ವಾಷರನ್ನು ಮೊದಲೇ ಹಾಕಿದ್ದರೆ ಪಟ್ಟಿ ಎರಡು ಕಡೆಯೂ ಒಂದೇ ಮಟ್ಟದಲ್ಲಿ ಕೂರುತ್ತದೆ.

ಅಡಿಹಲಗೆಯ ಮೇಲೆ ತೋಳು, ತೋಳಿನ ಮೇಲೆ ಬುಷ್, ಇವೆಲ್ಲವನ್ನೂ ಹೊಕ್ಕು ಕೆಳಗಿಳಿಯುವ ದೊಡ್ಡ ಬೋಲ್ಟು: ಜೋಡಣೆಯ ಕ್ರಮವಿದು. ಕೆಳಗೆ ಒಂದು ನಟ್ಟನ್ನು ತೋಳು ಅಲ್ಲಾಡದಷ್ಟು, ಆದರೆ ಬೆರಳಿನಿಂದ ನೂಕಿದರೆ ತಿರುಗುವಷ್ಟು ಬಿಗಿದು, ಎರಡನೆಯ ನಟ್ಟಿನಿಂದ ಅದನ್ನು ಬಂಧಿಸಬೇಕು. ಆಂಗಲ್ ಐರನ್ನನ್ನು ಈ ನಟ್ಟುಗಳಿಗೆ ಅಡ್ಡಬಾರದಂತೆ ಹಲಗೆಯ ಅಡಿಗೆ ಬೆಸೆಯಿಸಿದರೆ ಮಣೆ ಸಿದ್ಧವಾಯಿತು. ಸವೆಯುವ ಎಡೆಗಳಿಗೆ ಎರಡು ಹನಿ ಎಣ್ಣೆ.

೨೪ ಎಂಬ ಅಳತೆ ಎಲ್ಲಿಂದ ಬಂತೆಂದು ಕೇಳುವವರಿಗೆ ಉತ್ತರವಿದು. ಬುಷ್ಷಿನ ತ್ರಿಜ್ಯ ಹನ್ನೆರಡೂವರೆ, ಪಟ್ಟಿಯ ದಪ್ಪ ಐದು, ಗೂಟದ ತ್ರಿಜ್ಯ ಆರು, ಒಟ್ಟು ಇಪ್ಪತ್ತಮೂರೂವರೆ. ಪಟ್ಟಿ ಸರಾಗವಾಗಿ ನುಗ್ಗಲು ಅರ್ಧ ಮಿಲಿಮೀಟರಿನ ಬಿಡುವು. ೩ ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಬಾಗಿಸಬೇಕಾದಾಗ ಹೊಸ ತೂತು ಬೇಕಾಗಿಲ್ಲ. ಎರಡೂ ಗೂಟಗಳಿಗೆ ೧೬ ಮಿಲಿಮೀಟರಿನ ಬಳೆಗಳನ್ನು ತೊಡಿಸಿದರೆ ಗೂಟದ ತ್ರಿಜ್ಯ ಎಂಟಾಗಿ ಲೆಕ್ಕ ಮೊದಲಿನಂತೆಯೇ ಕೂಡಿಬರುತ್ತದೆ. ಇದಕ್ಕಾಗಿ ಗೂಟವನ್ನು ಒಮ್ಮೆ ಬಿಚ್ಚಿ ಬಳೆಯನ್ನು ಹಾಕಿ ಮತ್ತೆ ಬಿಗಿಯಬೇಕಾಗುತ್ತದೆ, ಅಷ್ಟೆ.

ಪಟ್ಟಿಯ ನಡತೆ

ತೋಳನ್ನು ಹನ್ನೆರಡು ಗಂಟೆಯ ದಿಕ್ಕಿಗೆ ನಿಲ್ಲಿಸಿ, ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲುವಂತೆ ಇಟ್ಟು, ಬುಷ್ಷಿಗೂ ಎರಡು ಗೂಟಗಳಿಗೂ ನಡುವೆ ತೂರಿಸಬೇಕು. ಬುಷ್ ಪಟ್ಟಿಯ ಒಳಮಗ್ಗುಲಿಗೆ, ಗೂಟಗಳೆರಡೂ ಹೊರಮಗ್ಗುಲಿಗೆ. ತೋಳನ್ನು ಮೂರು ಗಂಟೆಯ ದಿಕ್ಕಿಗೆ ಎಳೆದುತಂದರೆ ಒತ್ತುಗೂಟ ಪಟ್ಟಿಯನ್ನು ಬುಷ್ಷಿಗೆ ಅಪ್ಪಳಿಸುತ್ತ ಸುತ್ತುತ್ತದೆ. ಹಿಂದಿನ ತುದಿ ಮೇಲೆದ್ದು ತಪ್ಪಿಸಿಕೊಳ್ಳದಂತೆ ತಡೆಗೂಟ ಹಿಡಿದಿರುತ್ತದೆ. ಕಾಲು ಸುತ್ತಿಗೆ ಸಮಕೋನ.

ತೋಳನ್ನು ಮೂರು ಗಂಟೆಗೆ ನಿಲ್ಲಿಸಿ ಕೈಬಿಟ್ಟು ಮೂಲೆಮಟ್ಟವನ್ನಿಟ್ಟು ನೋಡಿದಾಗ ಮಾತ್ರ ಹೊಸಬರಿಗೆ ಆಶ್ಚರ್ಯ ಕಾದಿರುತ್ತದೆ. ಕೋನ ಸಮಕೋನವಾಗಿರುವುದಿಲ್ಲ, ತುಸು ಬಿಚ್ಚಿಕೊಂಡಿರುತ್ತದೆ. ಕೈಯೂ ತಪ್ಪಿಲ್ಲ, ಮಣೆಯೂ ತಪ್ಪಿಲ್ಲ. ಅದು ಲೋಹದ ಸ್ವಭಾವ. ಇಂಗ್ಲೆಂಡಿನ ರಾಬರ್ಟ್ ಹುಕ್ ಈ ಸ್ವಭಾವದ ನಿಯಮವನ್ನು ಕಂಡುಕೊಂಡು, ಬೇರೆಯವರು ತಮ್ಮದೆನ್ನಬಾರದೆಂದು ೧೬೭೬ರಲ್ಲಿ ಅದನ್ನು ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಅಚ್ಚುಹಾಕಿಸಿದನು. ೧೬೭೮ರಲ್ಲಿ ತಾನೇ ಒಗಟನ್ನು ಬಿಡಿಸಿದನು. ಎಳೆಯುವ ಬಲವೆಷ್ಟೋ ಹಿಗ್ಗುವಿಕೆಯೂ ಅಷ್ಟೇ ಎಂಬುದು ಅದರ ತಿರುಳು. ಒಂದು ಎಲ್ಲೆಯವರೆಗೆ ಲೋಹ ಈ ನಿಯಮಕ್ಕೆ ಕಟ್ಟುಬಿದ್ದಿರುತ್ತದೆ, ಬಲವನ್ನು ತೆಗೆದೊಡನೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಎಲ್ಲೆಯನ್ನು ದಾಟಿಸಿದರೆ ಹೊಸ ಆಕಾರವನ್ನು ಒಪ್ಪಿಕೊಳ್ಳುತ್ತದೆ. ಆದರೆ ಆಗಲೂ, ಎಲ್ಲೆಯವರೆಗಿನ ಆ ಮೊದಲ ಪಾಲನ್ನು ಅದು ಮರಳಿ ಪಡೆದೇ ತೀರುತ್ತದೆ. ಈ ಹಿಂಸರಿತವನ್ನು ತಪ್ಪಿಸುವ ಉಪಾಯವಿಲ್ಲ. ಮೊದಲೇ ಲೆಕ್ಕಕ್ಕೆ ಹಿಡಿದು ಅಷ್ಟನ್ನು ಹೆಚ್ಚಾಗಿ ಬಾಗಿಸುವುದೊಂದೇ ದಾರಿ.

೫ ಮಿಲಿಮೀಟರಿನ ಮೃದು ಉಕ್ಕಿನ ಪಟ್ಟಿಯನ್ನು ಈ ಬುಷ್ಷಿನ ಸುತ್ತ ಸಮಕೋನಕ್ಕೆ ಬಾಗಿಸಿದರೆ ಲೆಕ್ಕದ ಪ್ರಕಾರ ಹಿಂಸರಿತ ಒಂದು ಡಿಗ್ರಿಯ ಸುಮಾರು. ೩ ಮಿಲಿಮೀಟರಿನದಕ್ಕೆ ಒಂದೂವರೆಯಿಂದ ಎರಡು. ಗೂಟಗಳ ನಡುವಣ ಬಿಡುವೂ ಸೇರಿಕೊಳ್ಳುವುದರಿಂದ ತೋಳನ್ನು ಇದಕ್ಕಿಂತ ಇನ್ನೂ ಕೆಲವು ಡಿಗ್ರಿ ಮುಂದೆ ಕೊಂಡೊಯ್ಯಬೇಕಾಗುತ್ತದೆ. ಪಟ್ಟಿ ತೆಳುವಾದಷ್ಟೂ, ಬಾಗು ವಿಶಾಲವಾದಷ್ಟೂ ಹಿಂಸರಿತ ಹೆಚ್ಚು. ಅದೇ ೩ ಮಿಲಿಮೀಟರಿನ ಪಟ್ಟಿಯನ್ನು ೧೫೦ ಮಿಲಿಮೀಟರ್ ತ್ರಿಜ್ಯದ ದೊಡ್ಡ ಬಳಸಿಗೆ ಸುತ್ತಿಸಿ ಬಿಟ್ಟರೆ ಅದು ೧೮೫ರ ಸುಮಾರಿಗೆ ಅಗಲಿಸಿಕೊಂಡು ಬಿಡುತ್ತದೆ. ಕುಂಡದ ಮುಕ್ಕಾಲಿಗೆ ಬಳೆ ಮಾಡಹೊರಟವರು ಕುಂಡದ ಅಳತೆಗೇ ಅಚ್ಚು ಮಾಡಿಕೊಂಡರೆ ಕುಂಡ ಬಳೆಯೊಳಗೆ ಬಿದ್ದುಹೋಗುವುದು ಈ ಕಾರಣದಿಂದ. ಅಲ್ಯೂಮಿನಿಯಮಿನ ಬಿಗುವು ಉಕ್ಕಿನ ಮೂರರಲ್ಲೊಂದು ಪಾಲಿನಷ್ಟು ಮಾತ್ರ. ಆದುದರಿಂದ ಅಷ್ಟೇ ಶಕ್ತಿಯ ಅಲ್ಯೂಮಿನಿಯಮ್ ಪಟ್ಟಿ ಸುಮಾರು ಮೂರು ಪಾಲು ಹಿಂದೆ ಸರಿಯುತ್ತದೆ.

ಹಾಗಾದರೆ ತೋಳನ್ನು ಎಲ್ಲಿ ನಿಲ್ಲಿಸಬೇಕು? ಇದನ್ನು ಪುಸ್ತಕ ಹೇಳಲಾರದು, ಅದೇ ಕಟ್ಟಿನಿಂದ ಕತ್ತರಿಸಿದ ಎರಡು ಮೂರು ತುಂಡುಗಳು ಹೇಳುತ್ತವೆ. ಒಂದನ್ನು ಬಾಗಿಸಿ ಅಳೆದು, ಕೊರತೆಯನ್ನು ನೋಡಿ, ಇನ್ನೊಂದನ್ನು ಅಷ್ಟು ಮುಂದಕ್ಕೆ ಬಾಗಿಸಿ ಅಳೆಯಬೇಕು. ಸರಿಯಾದ ಎಡೆ ದೊರೆತೊಡನೆ ತೋಳು ಅಲ್ಲಿಂದಾಚೆಗೆ ಹೋಗದಂತೆ ಅಡಿಹಲಗೆಯ ಮೇಲೆ ಒಂದು ಕೋನತಡೆಯನ್ನು ಬಿಗಿಯಬೇಕು. ಉದ್ದನೆಯ ತೂತಿರುವ ೮ ಮಿಲಿಮೀಟರ್ ದಪ್ಪದ ಒಂದು ತುಂಡು ಪಟ್ಟಿ ಇದಕ್ಕೆ ಸಾಕು. ಅದರ ತಿರುಪಿನ ತಲೆ ಮೇಲಕ್ಕೆ ಏಳದಂತೆ ಹುದುಗಿರಬೇಕು. ಕೋನತಡೆ ತೋಳಿಗಿಂತ ಎತ್ತರವಾಗಬಾರದು. ಏಕೆಂದರೆ ಬಾಗುತ್ತಿರುವ ಪಟ್ಟಿಯ ಬಿಡಿತುದಿ ಅದರ ಮೇಲೆಯೇ ಹಾದುಹೋಗಬೇಕು. ಒಮ್ಮೆ ಈ ತಡೆಯನ್ನು ಬಿಗಿದ ಮೇಲೆ ಮನೆಯ ಹಿರಿಯರು ಎಳೆದರೂ ಒಂದೇ, ಹೈಸ್ಕೂಲಿನ ಹುಡುಗಿ ಎಳೆದರೂ ಒಂದೇ. ಆನಿಕೆ ಅದೇ ಕೋನಕ್ಕೆ ಬರುತ್ತದೆ.

ಉದ್ದದ ಲೆಕ್ಕ

೨೦೦ ಮತ್ತು ೧೫೦ ಮಿಲಿಮೀಟರ್ ತೋಳುಗಳ ಒಂದು ಆನಿಕೆ ಬೇಕಾದರೆ ಪಟ್ಟಿಯನ್ನು ೩೫೦ಕ್ಕೆ ಕತ್ತರಿಸುವುದು ಎಲ್ಲರಿಗೂ ಮೊದಲು ತೋರುವ ದಾರಿ. ಹಾಗೆ ಕತ್ತರಿಸಿದರೆ ಹೆಬ್ಬೆರಳಿನ ಅರ್ಧದಷ್ಟು ಪಟ್ಟಿ ಮಿಕ್ಕುತ್ತದೆ. ಮೂಲೆ ಚೂಪಾಗಿಲ್ಲದೆ ದುಂಡಾಗಿರುವುದರಿಂದ ದಾರಿ ಒಳಗಿನಿಂದ ಹಾಯುತ್ತದೆ. ಬಾಗುವಾಗ ಹೊರಮಗ್ಗುಲು ಹಿಗ್ಗುತ್ತದೆ, ಒಳಮಗ್ಗುಲು ಕುಗ್ಗುತ್ತದೆ. ನಡುವಣ ಗೆರೆ ಮಾತ್ರ ಹೆಚ್ಚುಕಡಮೆ ತನ್ನ ಉದ್ದವನ್ನು ಉಳಿಸಿಕೊಳ್ಳುತ್ತದೆ. ಆದುದರಿಂದ ಲೆಕ್ಕವನ್ನು ನಡುಗೆರೆಯ ಮೇಲೆ ಹಾಕಬೇಕು. ಪ್ರತಿ ತೋಳಿನಿಂದ ಬುಷ್ಷಿನ ತ್ರಿಜ್ಯ ಹಾಗೂ ಪಟ್ಟಿಯ ದಪ್ಪ, ಒಟ್ಟು ಹದಿನೇಳೂವರೆ ಕಳೆದರೆ ನೇರವಾದ ಭಾಗಗಳು ೧೮೨.೫ ಮತ್ತು ೧೩೨.೫. ನಡುವಣ ಬಾಗು ೧೫ ಮಿಲಿಮೀಟರ್ ತ್ರಿಜ್ಯದ ಕಾಲು ವೃತ್ತ. ಅದರ ಉದ್ದ ೨೩.೫. ಮೂರನ್ನೂ ಕೂಡಿದರೆ ೩೩೮.೫. ಪಟ್ಟಿಯ ತುದಿಯಿಂದ ೧೩೨.೫ಕ್ಕೆ ಸೀಮೆಸುಣ್ಣದಿಂದ ಗೆರೆಯೆಳೆದು ಆ ಗೆರೆಯನ್ನು ಬುಷ್ಷಿನ ಹನ್ನೆರಡು ಗಂಟೆಯ ನೇರಕ್ಕೆ ಇಟ್ಟರೆ ಬಾಗು ಅಲ್ಲಿಂದ ಆರಂಭವಾಗುತ್ತದೆ.

ಕೈ ಹೇಳುವ ಎಚ್ಚರಿಕೆ

ಇಲ್ಲಿಯವರೆಗಿನದು ಮಾಡುವ ಬಗೆ. ಮಾಡಿದ್ದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದು ಇದಕ್ಕಿಂತ ಹಿರಿದಾದ ಪ್ರಶ್ನೆ. ಮಣೆ ಕೈಗೆ ಹೊಂದಿಕೊಂಡು, ನಾಲ್ಕು ಆನಿಕೆಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ತೆರನಾಗಿ ಬಂದಾಗ ಮನಸ್ಸಿಗೆ ಉಬ್ಬು ಬರುವುದು ಸಹಜ. ಮಹಡಿ ಮೆಟ್ಟಿಲಿಗೆ ಮುದುಕರು ಹಿಡಿದು ಹತ್ತುವ ಕೈಪಿಡಿಗೂ ಇದೇ ಆನಿಕೆ ಆಗಬಾರದೇಕೆ, ಪಡಸಾಲೆಯ ಉಯ್ಯಾಲೆಗೂ ಇದೇ ಕೊಂಡಿ ಆಗಬಾರದೇಕೆ ಎಂಬ ಯೋಚನೆ ಆಗಲೇ ಮೂಡುವುದು.

ಉತ್ತರವನ್ನು ತೋಳಿನ ಹಿಡಿಯೇ ಕೊಡುತ್ತದೆ. ೨೫ ಮಿಲಿಮೀಟರ್ ಅಗಲ, ೫ ದಪ್ಪದ ಮೃದು ಉಕ್ಕಿನ ಪಟ್ಟಿ ಬಾಗಬೇಕಾದರೆ ೪೫ ಸೆಂಟಿಮೀಟರ್ ದೂರದ ಹಿಡಿಯಲ್ಲಿ ೯ ಕಿಲೋಗ್ರಾಮಿನ ಸುಮಾರು ಬಲ ಸಾಕು. ಘರ್ಷಣೆಗೆ ಇನ್ನೂ ತುಸು ಸೇರಿಸಿಕೊಳ್ಳಬಹುದು. ತುಂಬಿದ ಒಂದು ಸಣ್ಣ ಬಿಂದಿಗೆಯ ತೂಕವದು. ದೂರವನ್ನು ತೂಕದಿಂದ ಗುಣಿಸಿದರೆ ೪೦೦. ಈಗ ಅದೇ ಪಟ್ಟಿಯ ಆನಿಕೆ ಗೋಡೆಯಿಂದ ೬ ಸೆಂಟಿಮೀಟರ್ ಹೊರಗೆ ಕೈಪಿಡಿಯನ್ನು ಹೊತ್ತು ನಿಂತಿದೆ ಎಂದುಕೊಳ್ಳಬೇಕು. ೪೦೦ನ್ನು ೬ರಿಂದ ಭಾಗಿಸಿದರೆ ೬೬. ಅಂದರೆ ಎಪ್ಪತ್ತು ಕಿಲೋಗ್ರಾಂ ತೂಕದವರೊಬ್ಬರು ಕಾಲುಜಾರಿ ಇಡೀ ಮೈಭಾರವನ್ನು ಒಂದು ಆನಿಕೆಯ ಮೇಲೆ ಹಾಕಿದರೆ, ಗ್ಯಾರೇಜಿನಲ್ಲಿ ಕೈ ಮಾಡಿದ ಕೆಲಸವನ್ನೇ ಆ ಭಾರ ಮುಂದುವರಿಸುತ್ತದೆ. ಆನಿಕೆ ಮತ್ತೆ ಬಾಗುತ್ತದೆ. ಬೀಳುವ ದೇಹದ ವೇಗವನ್ನು ಈ ಲೆಕ್ಕಕ್ಕೆ ಇನ್ನೂ ಸೇರಿಸಿಯೇ ಇಲ್ಲ. ಬರಿಯ ಕೈಯಿಂದ ಬಾಗಿದ್ದನ್ನು ಮೈಭಾರ ಬಾಗಿಸಬಲ್ಲದು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡವರ ಮನೆಯಲ್ಲಿ ಬಾಗುಮಣೆಯಿಂದ ಅನಾಹುತವಾಗಲಾರದು.

ಇದೇ ಲೆಕ್ಕ ಭಯವನ್ನು ಮಾತ್ರವಲ್ಲ, ಧೈರ್ಯವನ್ನೂ ಕೊಡುತ್ತದೆ. ಒಂದು ಮೀಟರ್ ಉದ್ದದ ಪುಸ್ತಕದ ಸಾಲು ೩೦ ಕಿಲ್ರೋಗ್ರಾಂ ತೂಗುತ್ತದೆಂದು ಹಿಡಿದರೆ ಎರಡು ಆನಿಕೆಗಳಲ್ಲಿ ಒಂದೊಂದಕ್ಕೆ ೧೫. ಹಲಗೆಯ ಅಗಲ ೨೦ ಸೆಂಟಿಮೀಟರಾದರೆ ಭಾರ ನಿಲ್ಲುವುದು ನಡುವಣ ೧೦ ಸೆಂಟಿಮೀಟರಿನಲ್ಲಿ. ಗುಣಿಸಿದರೆ ೧೫೦. ಪಟ್ಟಿ ತನ್ನ ಸ್ಥಿತಿಸ್ಥಾಪಕತೆಯ ಎಲ್ಲೆಯನ್ನು ಮುಟ್ಟುವುದು ೨೬೫ರ ಸುಮಾರಿಗೆ, ಪೂರ್ತಿಯಾಗಿ ಸೋಲುವುದು ೪೦೦ಕ್ಕೆ. ಬಾಗಿಸಲು ಬೇಕಾದುದರ ಅರ್ಧಕ್ಕಿಂತ ಕಡಮೆ ಭಾರವನ್ನು ಹೊರಿಸುವುದೆಂದು ನಿಯಮವಿಟ್ಟುಕೊಂಡರೆ ಈ ಹಲಗೆ ನಿಶ್ಚಿಂತೆಯಿಂದ ನಿಲ್ಲುತ್ತದೆ. ಆದರೆ ಹಣ ಉಳಿಯಲೆಂದು ೨೦ ಮಿಲಿಮೀಟರ್ ಅಗಲ, ೩ ದಪ್ಪದ ಪಟ್ಟಿಯನ್ನು ಬಳಸಿದರೆ ಅದೇ ಅಂಕಿ ೪೦೦ರಿಂದ ೧೧೫ಕ್ಕೆ ಇಳಿದು ಪುಸ್ತಕಗಳು ನೆಲಕ್ಕಿಳಿಯುತ್ತವೆ. ಅಗಲವನ್ನು ಇಮ್ಮಡಿಸಿದರೆ ಶಕ್ತಿ ಇಮ್ಮಡಿಯಾಗುತ್ತದೆ; ದಪ್ಪವನ್ನು ಇಮ್ಮಡಿಸಿದರೆ ನಾಲ್ಮಡಿಯಾಗುತ್ತದೆ. ಕಬ್ಬಿಣದ ಅಂಗಡಿಯಲ್ಲಿ ಚೌಕಾಸಿ ಮಾಡುವಾಗ ದಪ್ಪದಲ್ಲಿ ಉಳಿತಾಯ ಮಾಡಬಾರದೆಂಬುದಕ್ಕೆ ಇದೇ ಆಧಾರ.

ಹೆಚ್ಚು ಭಾರ ಹೊರಬೇಕಾದ ಎಡೆಯಲ್ಲಿ ಆನಿಕೆಯ ಎರಡು ತೋಳುಗಳ ನಡುವೆ ಓರೆಯಾದ ಮೂರನೆಯ ಪಟ್ಟಿಯೊಂದನ್ನು ಬೋಲ್ಟು ಹಾಕಿ ಕೂಡಿಸಿದರೆ ತ್ರಿಕೋನವಾಗುತ್ತದೆ. ಆಗ ಭಾರ ಮೂಲೆಯನ್ನು ಬಾಗಿಸುವುದರ ಬದಲು ಪಟ್ಟಿಗಳನ್ನು ಉದ್ದುದ್ದಕ್ಕೆ ಎಳೆಯಲು, ಒತ್ತಲು ತೊಡಗುತ್ತದೆ. ಅಂಥ ಬಲವನ್ನು ಉಕ್ಕು ಬಹಳ ಹೆಚ್ಚಾಗಿ ತಡೆದುಕೊಳ್ಳುತ್ತದೆ. ಇಷ್ಟಾದರೂ ಉಯ್ಯಾಲೆಯ ಕೊಂಡಿ, ತೊಟ್ಟಿಲಿನ ಸರಪಣಿಯ ಕೊಕ್ಕೆ, ಮೆಟ್ಟಿಲಿನ ಕೈಪಿಡಿ, ಮಹಡಿಯ ಕಟಾಂಜನ, ಇವುಗಳನ್ನು ಬಲ್ಲವರ ಕಾರ್ಖಾನೆಗೇ ಬಿಡುವುದು ವಿವೇಕ.

ಮಣೆಗೆ ಒಗ್ಗದ ಪದಾರ್ಥಗಳೂ ಉಂಟು. ಲಾರಿಯ ಅಡಿಯಿಂದ ಬಿಚ್ಚಿದ ಸ್ಪ್ರಿಂಗ್ ಪಟ್ಟಿ ಗುಜರಿಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ತಂದು ಇದರಲ್ಲಿ ಸಿಕ್ಕಿಸಬಾರದು. ಅದು ಗಟ್ಟಿಗೊಳಿಸಿದ ಉಕ್ಕು. ಬಾಗುವ ಬದಲು ಸಿಡಿದು ಚೂರು ಹಾರಿಸೀತು. ಕೊಳವೆಯೂ ಇದಕ್ಕೆ ತಕ್ಕುದಲ್ಲ, ಬಾಗುವೆಡೆಯಲ್ಲಿ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಕೊಳವೆಯನ್ನು ಬಾಗಿಸಲು ಅದರ ಹೊರಮೈಯನ್ನು ಅಪ್ಪಿ ಹಿಡಿಯುವ ತೋಡಿರುವ ಗಾಲಿಗಳು ಬೇಕು. ಸೈಕಲ್ಲಿನ ಹಿಡಿಯನ್ನು ಹಾಗೆ ಬಾಗಿಸುವುದನ್ನು ಗಮನಿಸಿಯೇ ಹಂಗೆರಿಯ ಮಾರ್ಸೆಲ್ ಬ್ರಾಯರ್ ೧೯೨೫ರಲ್ಲಿ, ಜರ್ಮನಿಯ ಬೌಹೌಸ್ ಶಾಲೆಯಲ್ಲಿದ್ದಾಗ, ಉಕ್ಕಿನ ಕೊಳವೆಯ ಕುರ್ಚಿಯನ್ನು ರೂಪಿಸಿದನು. ಇಂದು ಕಚೇರಿಯಲ್ಲಿಯೂ ಆಸ್ಪತ್ರೆಯಲ್ಲಿಯೂ ಕಾಣುವ ಕೊಳವೆಯ ಕುರ್ಚಿಗಳಿಗೆ ಅದು ಹಿರಿಯಣ್ಣ. ಸತುವಿನ ಲೇಪವಿರುವ ಯಾವುದನ್ನೂ ಬೆಂಕಿಗೆ ಹಿಡಿಯಬಾರದು; ಅದರ ಹೊಗೆ ಜ್ವರ ತರಿಸುತ್ತದೆ.

ಕೆಲಸ ಮಾಡುವಾಗ ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿಯಾದ ಜೋಡು ಇರಬೇಕು. ಪಂಚೆಯ ಚುಂಗು, ಸೀರೆಯ ಸೆರಗು ಬಿಗಿಯಾಗಿ ಕಟ್ಟಿರಬೇಕು. ತೋಳನ್ನು ಮೈಯ ಕಡೆಗೆ ಎಳೆದುಕೊಳ್ಳುವಾಗ ಕಾಲುಗಳನ್ನು ಅಗಲಿಸಿ ನಿಂತಿದ್ದರೆ, ಪಟ್ಟಿ ಒಮ್ಮೆಗೇ ಜಾರಿದರೂ ಮುಗ್ಗರಿಸುವ ಭಯವಿಲ್ಲ. ಎಳೆಯುವಾಗ ಇನ್ನೊಂದು ಕೈಯ ಬೆರಳುಗಳು ಬುಷ್ಷಿನ ಬಳಿಯಲ್ಲಿ ಸುಳಿಯಬಾರದು. ಹಿಡಿಗೆ ಉದ್ದವಾದ ಕೊಳವೆಯನ್ನು ಸಿಕ್ಕಿಸಿ ಬಲವನ್ನು ಹೆಚ್ಚಿಸುವ ಆಸೆಯನ್ನು ಬಿಡಬೇಕು. ತೋಳು ಬಾಗಿಸಲಾರದ ಪಟ್ಟಿ ಆ ಮಣೆಯ ಪಟ್ಟಿಯಲ್ಲ.

ಇಷ್ಟು ಮಾಡಿದ ಮೇಲೆ ಒಂದು ಸಣ್ಣ ಕೆಲಸ ಉಳಿಯುತ್ತದೆ. ಯಾವ ದಪ್ಪದ ಪಟ್ಟಿಗೆ ಕೋನತಡೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅಡಿಹಲಗೆಯ ಮೇಲೆಯೇ ಉಳಿಯಿಂದ ಗೆರೆ ಕೊರೆದು, ಪಕ್ಕದಲ್ಲಿ ೩ ಎಂದೋ ೫ ಎಂದೋ ಅಂಕಿ ಹಾಕಿಡಬೇಕು. ಅದರ ಕೆಳಗೆ, ಆ ಪಟ್ಟಿ ಹೊರಬಹುದಾದ ಭಾರದ ಅಂಕಿಯನ್ನೂ ಬರೆದಿಡುವುದು ಒಳ್ಳೆಯದು. ಎರಡು ವರ್ಷಗಳ ಅನಂತರ ಮಣೆಯನ್ನು ಮತ್ತೆ ಹೊರಗೆ ತೆಗೆಯುವಾಗ ಲೆಕ್ಕ ಹಾಕಿದವರಿಗೇ ಅದು ಮರೆತಿರಬಹುದು. ಅಥವಾ ತೋಳನ್ನು ಹಿಡಿಯುವ ಕೈ ಮನೆಯ ಬೇರೆ ಯಾರದೋ ಆಗಿರಬಹುದು.